ಎಡಗಡೆಗೆ ನಾನು, ಬಲಗಡೆಗೆ ಭಾಗ್ಯ

ನಾನು ಬಿ.ಎ. ಮಾಡುವುದು ಈ ಜನ್ಮದಲ್ಲಿ ಆಗುವ ಮಾತಲ್ಲ ಎಂದು ಮೊಟ್ಟಮೊದಲು ಹೇಳಿದವನು ನಮ್ಮ ದೊಡ್ಡಪ್ಪ. ಹೇಳಿದ್ದು ಮನೆಯೊಳಗೆ ಗುಟ್ಟಾಗಿಯೂ ಅಲ್ಲ, ಶೀಳನೆರೆ ಬಸ್‌ಸ್ಟಾಪಿನ ಟೀ ಅಂಗಡಿ ಮುಂದೆ, ಹತ್ತು ಜನಕ್ಕೆ ಕೇಳುವ ಹಾಗೆ. "ಆಗಾಕಿಲ್ಲ ಕಣ್ಲಾ, ಆಗೋ ಮಾತಲ್ಲ ಅದು. ನಮ್ಮನೇಲಿ ಯಾರೂ ಒಂಟಿಯಾಗಿ ಏನೂ ಮಾಡಾಕಿಲ್ಲ!"

ತಪ್ಪು ತಿಳಿಯಬೇಡಿ. ನಾನು ಹೆಣ್ಣು ಎಂದೋ, ಮನೆಯಲ್ಲಿ ಅನುಕೂಲವಿಲ್ಲ ಎಂದೋ, ನನ್ನ ತಲೆಯಲ್ಲಿರುವುದು ಜೇಡಿಮಣ್ಣು ಎಂದೋ ಅವನು ಹಾಗೆ ಹೇಳಲಿಲ್ಲ. ಅವೆಲ್ಲ ಸಾಧಾರಣ ದೊಡ್ಡಪ್ಪಂದಿರು ಕೊಡುವ ಕಾರಣಗಳು. ನಮ್ಮ ದೊಡ್ಡಪ್ಪನ ಕಾರಣವೇ ಬೇರೆ. ನನ್ನ ಜೋಡಿ ಪಿಯುಸಿಯಲ್ಲಿ ಫೇಲಾಗಿದ್ದಳು!

(ದೊಡ್ಡಪ್ಪನನ್ನು ಅವನು, ಇವನು ಎನ್ನುತ್ತಿದ್ದಾಳಲ್ಲ ಎಂದು ಹುಬ್ಬೇರಿಸಬೇಡಿ. ನಮ್ಮ ಕಡೆ ದೊಡ್ಡಪ್ಪನಿಗೆ ಬಹುವಚನ ಹಾಕಿದರೆ "ಯಾಕಮ್ಮಿ, ಜಗ್ಳ ಆಡಿದ್ದೀಯಾ?" ಎಂದು ಕೇಳುತ್ತಾರೆ.)

ಜೋಡಿ ಎಂದರೇನು ಎಂದು ಹೇಳದೆ ಮುಂದೆ ಹೋಗುವ ಹಾಗಿಲ್ಲ. ದೊಡ್ಡಪ್ಪನಿಗೆ ಎತ್ತಿನ ಹುಚ್ಚು. ನಮ್ಮ ಸೀಮೆಯಲ್ಲಿ ಎತ್ತನ್ನು ಯಾರೂ ಒಂದೊಂದಾಗಿ ನೋಡುವುದಿಲ್ಲ, ಜೋಡಿಯಾಗಿಯೇ ನೋಡುತ್ತಾರೆ. ಎತ್ತರ ಸಮ ಇರಬೇಕು, ಬಣ್ಣ ಒಂದಿರಬೇಕು, ಕೊಂಬಿನ ಬಾಗು, ಬಾಲದ ಕುಚ್ಚು, ಹಣೆಯ ಸುಳಿ, ಕೊನೆಗೆ ಹೆಜ್ಜೆ ಹಾಕುವ ಗತ್ತು ಕೂಡ ಒಂದೇ ಇರಬೇಕು. ಬೇರೆಯವರು ಇದನ್ನೆಲ್ಲ ಸಂತೆಯಲ್ಲಿ ನೋಡಿ ಅಲ್ಲೇ ಬಿಟ್ಟು ಬರುತ್ತಾರೆ. ದೊಡ್ಡಪ್ಪ ಮನೆಗೆ ತಂದ! ಕೆ.ಆರ್. ಪೇಟೆ ಸಂತೆಯಲ್ಲಿ ಒಂಟಿ ಎತ್ತು ಹಿಡಿದು ನಿಂತವರನ್ನು ಕಂಡರೆ ಅವನು ಮುಖ ಆಚೆ ತಿರುಗಿಸುತ್ತಿದ್ದ, ಏನೋ ನೋಡಬಾರದ್ದನ್ನು ನೋಡಿದವರ ಹಾಗೆ.

ಮನೆ ಮುಂದೆ ಎರಡು ತೆಂಗಿನ ಮರಗಳಿದ್ದವು. ಒಟ್ಟಿಗೇ ನೆಟ್ಟವು. ಆದರೆ ಮರಕ್ಕೇನು ಗೊತ್ತು? ಒಂದು ಮರ ಇನ್ನೊಂದಕ್ಕಿಂತ ಒಂದು ಮೊಳ ಎತ್ತರ ಹೋಯಿತು. ದೊಡ್ಡಪ್ಪನಿಗೆ ಅನ್ನ ಸೇರಲಿಲ್ಲ. ಗಿಡ್ಡ ಮರಕ್ಕೆ ಕುರಿಗೊಬ್ಬರ ಹಾಕಿದ. ಅದು ಮೇಲೆ ಹೋಯಿತು. ಈಗ ಇದಕ್ಕೆ ಹಾಕಿದ. ಇದು ಮೇಲೆ ಹೋಯಿತು. ಹೀಗೆ ಅವೆರಡೂ ಹಟಕ್ಕೆ ಬಿದ್ದು ಬೆಳೆದು, ಕಾಯಿ ಕೀಳಲು ಯಾರೂ ಹತ್ತಲು ಒಪ್ಪದ ಎತ್ತರಕ್ಕೆ ಹೋಗಿ ನಿಂತವು. ನಾವು ತೆಂಗಿನಕಾಯಿಯನ್ನು ಶೀಳನೆರೆ ಅಂಗಡಿಯಿಂದ ತಂದು ಸಾರು ಮಾಡುತ್ತಿದ್ದೆವು!

ಮರಗಳ ಗತಿಯೇ ಹೀಗಾದರೆ ಹುಡುಗಿಯರ ಗತಿ ಏನು? ದೊಡ್ಡಪ್ಪನ ಮಗಳು ಭಾಗ್ಯ, ನನಗಿಂತ ಕೆಲವೇ ದಿನ ಮೊದಲು ಹುಟ್ಟಿದವಳು. ದೊಡ್ಡಪ್ಪನ ತಮ್ಮನ ಮಗಳು ನಾನು. ಒಂದೇ ಮನೆ, ಒಂದೇ ಒಲೆ. ನಾನು ಹುಟ್ಟಿದ ದಿನ ದೊಡ್ಡಪ್ಪ ತೊಟ್ಟಿಲಿನ ಹತ್ತಿರ ಬಂದು ಒಮ್ಮೆ ಇವಳನ್ನು, ಒಮ್ಮೆ ಅವಳನ್ನು ನೋಡಿ "ಜೋಡಿ ಆಯ್ತು ಬುಡು" ಎಂದನಂತೆ. ಅವಳಿಗೆ ಭಾಗ್ಯಲಕ್ಷ್ಮಿ, ನನಗೆ ವಿಜಯಲಕ್ಷ್ಮಿ. ಅಲ್ಲಿಂದ ಶುರು.

ಅವಳಿಗೆ ಜ್ವರ ಬಂದರೆ ಇಬ್ಬರಿಗೂ ಕಷಾಯ. ಅವಳ ತಲೆಯಲ್ಲಿ ಹೇನಾದರೆ ಇಬ್ಬರ ತಲೆಯೂ ಬೋಳು! ಹೋಗಲಿ, ಬೋಳಾದ ಮೇಲಾದರೂ ಸಮಾನರಾದೆವು ಎಂದುಕೊಂಡರೆ ಅವಳ ಕೂದಲು ಮುಂಗಾರಿನ ಹುಲ್ಲಿನ ಹಾಗೆ ಒತ್ತಾಗಿ ಬಂತು, ನನ್ನದು ಕಟಾವಾದ ಗದ್ದೆಯ ಕೂಳೆಯ ಹಾಗೆ. ಹಬ್ಬಕ್ಕೆ ಪೇಟೆಯ ಬಟ್ಟೆ ಅಂಗಡಿಯಲ್ಲಿ ಒಂದೇ ತಾನಿನಿಂದ ಇಬ್ಬರಿಗೂ ಲಂಗ ಹರಿಸುತ್ತಿದ್ದ. ಒಬ್ಬನೇ ಟೈಲರು, ಒಂದೇ ಅಳತೆ. ಅವಳು ಉಟ್ಟರೆ ಅಂಗಡಿಯ ಬೊಂಬೆ. ನಾನು ಉಟ್ಟರೆ ಬೊಂಬೆಯ ಮೇಲೆ ಧೂಳು ಕೂರದಿರಲಿ ಎಂದು ಹೊದಿಸಿದ ಬಟ್ಟೆ.

ಇಲ್ಲೇ ದೊಡ್ಡಪ್ಪನ ಲೆಕ್ಕ ತಪ್ಪಿದ್ದು. ಎಲ್ಲ ಒಂದೇ ಮಾಡಿಬಿಟ್ಟರೆ ಹೊಟ್ಟೆಕಿಚ್ಚಿಗೆ ಜಾಗವೇ ಇರುವುದಿಲ್ಲ ಎಂದು ಅವನು ತಿಳಿದಿದ್ದ. ಅವಳಿಗೆ ಕೆಂಪು ಲಂಗ, ನನಗೆ ಹಸಿರು ಲಂಗ ಕೊಟ್ಟಿದ್ದರೆ ಬಣ್ಣ ಚೆನ್ನಾಗಿಲ್ಲ ಎಂದು ಅಂಗಡಿಯವನನ್ನು ಬೈದು ಸುಮ್ಮನಾಗುತ್ತಿದ್ದೆ. ಬಟ್ಟೆ ಒಂದೇ ಎಂದ ಮೇಲೆ ಚೆನ್ನಾಗಿಲ್ಲದ್ದು ಯಾವುದು? ನಾನೇ ತಾನೆ! ಜೋಡಿ ಎಂದು ನಿಲ್ಲಿಸಿದ ಮೇಲೆ ಊರಿನವರ ಕಣ್ಣು ಹುಡುಕುವುದು ಏನನ್ನು? ವ್ಯತ್ಯಾಸವನ್ನೇ. "ಬಲಗಡೇದು ಒಸಿ ಲಕ್ಷಣ" ಎಂದು ದೊಡ್ಡಪ್ಪನ ಮುಂದೆಯೇ ಹೇಳಿ ಹೋಗುತ್ತಿದ್ದರು. ಬಲಗಡೆಯದು ಎಂದರೆ ಭಾಗ್ಯ. ಎಲ್ಲಿ ಹೋದರೂ ದೊಡ್ಡಪ್ಪ ಅವಳನ್ನು ಬಲಕ್ಕೆ, ನನ್ನನ್ನು ಎಡಕ್ಕೆ ಬಿಟ್ಟುಕೊಂಡು, ತಾನು ಹಿಂದೆ ನಡೆಯುತ್ತಿದ್ದ. ಬಾರುಕೋಲು ಒಂದು ಕಮ್ಮಿ ಅಷ್ಟೆ!

ಅವಳ ಮೇಲೆ ಮಾತ್ರ ಕಿಚ್ಚು ಅಂದುಕೊಳ್ಳಬೇಡಿ. ಕೊಟ್ಟಿಗೆಯ ಆ ಎರಡು ಎತ್ತುಗಳ ಮೇಲೂ ನನಗೆ ಕಿಚ್ಚಿತ್ತು. ದೊಡ್ಡಪ್ಪ ಅವುಗಳ ಮೈ ಉಜ್ಜುವಾಗ ಮಾತಾಡುತ್ತಿದ್ದ ಧ್ವನಿಯಲ್ಲಿ ನಮ್ಮೊಂದಿಗೆ ಎಂದೂ ಮಾತಾಡಿದವನಲ್ಲ.

ಕೆ.ಆರ್. ಪೇಟೆಗೆ ಒಂದೇ ಬಸ್ಸಿನಲ್ಲಿ ಹೋಗಿ, ಒಂದೇ ಬೆಂಚಿನಲ್ಲಿ ಕೂತು ಪಿಯುಸಿ ಓದಿದೆವು. ಎರಡನೇ ವರ್ಷದ ಪರೀಕ್ಷೆಗೆ ಮೊದಲು ದೊಡ್ಡಪ್ಪ ನಮ್ಮಿಬ್ಬರನ್ನೂ ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋದ. ಗಂಜಾಂನ ನಿಮಿಷಾಂಬ ಕೇಳಿದ್ದನ್ನು ನಿಮಿಷದಲ್ಲಿ ಕೊಡುವವಳು. ಕಾವೇರಿಯಲ್ಲಿ ಕಾಲು ತೊಳೆದು, ನಿಂಬೆಹಣ್ಣು ಕೊಟ್ಟು, ಕೈಮುಗಿದು ದೊಡ್ಡಪ್ಪ ಗಟ್ಟಿಯಾಗಿ ಬೇಡಿಕೊಂಡ:

"ತಾಯಿ, ಇಬ್ರುಗೂ ಒಂದೇ ನಂಬರು ಬರಂಗೆ ಮಾಡವ್ವ. ಎಚ್ಚೂ ಬ್ಯಾಡ, ಕಮ್ಮೀನೂ ಬ್ಯಾಡ."

ಅರ್ಚಕರು ಹೂ ಕೊಡುತ್ತಾ, "ಯಜಮಾನ್ರೇ, ಪಾಸಾಗ್ಲಿ ಅಂತ ಕೇಳ್ಕೊಳ್ಳಿ" ಎಂದರು.

"ಪಾಸೋ ಫೇಲೋ ಅವ್ಳಿಗೆ ಬುಟ್ಟಿದ್ದು ಸ್ವಾಮಿ. ಇಬ್ರುದೂ ಒಂದೇ ಥರ ಇದ್ರೆ ಸಾಕು!"

ಫಲಿತಾಂಶ ಬಂತು. ನಾನು ಪಾಸು. ಭಾಗ್ಯ ಇಂಗ್ಲಿಷಿನಲ್ಲಿ ಢಮಾರ್. ದೊಡ್ಡಪ್ಪ ಜಗಲಿಯ ಮೇಲೆ ಕೂತು ಹೇಳಿದ: "ನಿಮಿಷದಲ್ಲಿ ಕೊಡೋಳು ಅಂತಾರೆ. ನಮ್ ವಿಸ್ಯದಲ್ಲಿ ಯಾಕೋ ತಾಯಿ ಒಸಿ ಅವಸರ ಮಾಡ್ಕಬುಟ್ಳು."

ನಮ್ಮ ಇಡೀ ವಂಶದಲ್ಲಿ ಪಿಯುಸಿ ಪಾಸಾದ ಮೊದಲ ಜೀವ ನಾನು. ನನ್ನನ್ನು ಆ ದಿನ ಯಾರಾದರೂ ತಿರುಗಿ ನೋಡಿದರೆ ಕೇಳಿ! ಭಾಗ್ಯ ಕಂಬ ಹಿಡಿದು ಅಳುತ್ತಿದ್ದಳು. ಅಳುವಾಗಲೂ ಲಕ್ಷಣವಾಗಿ ಅಳುತ್ತಾಳೆ ಆ ಹುಡುಗಿ, ಮೂಗು ಕೂಡ ಕೆಂಪಗಾಗುವುದಿಲ್ಲ. ಅವಳನ್ನು ಸಮಾಧಾನಪಡಿಸಲು ದೊಡ್ಡವ್ವ ಒಬ್ಬಟ್ಟು ಮಾಡಿದಳು. ಪಾಸಾದವಳಿಗೆ ಏನೂ ಇಲ್ಲ, ಫೇಲಾದವಳಿಗೆ ಒಬ್ಬಟ್ಟು! ಜೋಡಿ ಎಂದು ನನ್ನ ತಟ್ಟೆಗೂ ಒಂದು ಬಿತ್ತು. "ಓಗ್ಲಿ ಬುಡಮ್ಮಿ, ಬೇಜಾರ್ ಮಾಡ್ಕಬ್ಯಾಡ" ಎಂದು ದೊಡ್ಡವ್ವ ನನ್ನ ತಲೆಯನ್ನೂ ಸವರಿದಳು. ಪಾಸಾದ ತಪ್ಪಿಗೆ ಸಮಾಧಾನ ಹೇಳಿಸಿಕೊಂಡವಳು ನಾಲ್ಕು ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ನಾನು ಪಾಂಡವಪುರದ ಕಾಲೇಜಿಗೆ ಬಿ.ಎ. ಸೇರುತ್ತೇನೆ ಎಂದೆ. ದೊಡ್ಡಪ್ಪ ಕೇಳಿಸದವನ ಹಾಗೆ ಎಲೆಗೆ ಸುಣ್ಣ ಸವರಿದ. ಇನ್ನೊಮ್ಮೆ ಹೇಳಿದೆ.

"ಭಾಗ್ಯ ಇನ್ನೊಂದ್ಸಲ ಪರೀಕ್ಸೆ ಕಟ್ಲಿ. ಅವ್ಳ ಜೊತೇಲಿ ನೀನೂ ಕಟ್ಟು" ಎಂದ.

"ನಾನು ಪಾಸಾಗಿದ್ದೀನಿ ದೊಡ್ಡಪ್ಪ!"

"ಪಾಸಾಗಿದ್ರೇನಮ್ಮಿ? ಇನ್ನೊಂದ್ಸಲ ಪಾಸಾಗು."

ನಾನು ಅತ್ತೆ, ಊಟ ಬಿಟ್ಟೆ. ಆಗಲೇ ಅವನು ಟೀ ಅಂಗಡಿ ಮುಂದೆ ಹೋಗಿ, ಆಗುವ ಮಾತಲ್ಲ ಎಂದು ಡಂಗುರ ಹೊಡೆದು ಬಂದದ್ದು. ಮನೆಗೆ ಬಂದು ನನಗೂ ವಿವರಿಸಿದ: "ಒಂದು ಮುಂದ್ಕೆ ಎಳೀತದೆ, ಇನ್ನೊಂದು ಇಂದ್ಕೆ ನಿಂತ್ಕತದೆ. ನೊಗ ಯಾವ್ಕಡೀಕೆ ಓಯ್ತದೆ ಏಳು?"

"ನಾನೇನು ಎತ್ತಾ?"

"ಎತ್ತಾಗಿದ್ರೆ ಇಷ್ಟು ಮಾತಾಡ್ತಿರ್ನಿಲ್ಲ ಬುಡು."

ನಮ್ಮಪ್ಪನನ್ನು ಹಿಡಿದೆ. ನಮ್ಮಪ್ಪ ಅಣ್ಣ ಎಡಕ್ಕೆ ಎಂದರೆ ಎಡಕ್ಕೆ, ಬಲಕ್ಕೆ ಎಂದರೆ ಬಲಕ್ಕೆ. ಜೋಡಿಯ ಮೊದಲ ಪ್ರಯೋಗ ಆಗಿದ್ದೇ ಅವನ ಮೇಲೆ! ನಮ್ಮವ್ವನನ್ನು ಹಿಡಿದೆ. ಅವ್ವ ರಾಗಿ ಕೇರುತ್ತಾ ಕೂತಿದ್ದವಳು ಮೊರವನ್ನು ಪಕ್ಕಕ್ಕಿಟ್ಟು ಅಂಗಳದ ಕಡೆ ಕೈ ತೋರಿಸಿದಳು. "ಆ ಗ್ವಾಡೆ ನೋಡು" ಎಂದಳು.

ಅದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ. ನಮ್ಮ ಅಂಗಳದ ನಟ್ಟನಡುವೆ ಒಂದು ಮಣ್ಣಿನ ಗೋಡೆ. ಆಚೆ ಕಡೆ ಇರುವುದು ದೊಡ್ಡಪ್ಪನ ಸ್ವಂತ ದೊಡ್ಡಪ್ಪನ ಮಗ. ದೊಡ್ಡಪ್ಪ ಮತ್ತು ಅವನು ಚಿಕ್ಕಂದಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡು, ಒಂದೇ ಕಂಬಳಿಯಲ್ಲಿ ಮಲಗಿ ಬೆಳೆದವರಂತೆ. ಒಂದು ಗೌರಿಹಬ್ಬಕ್ಕೆ ಮನೆಯ ಒಬ್ಬ ಸೊಸೆಗೆ ಅಗಲ ಅಂಚಿನ ಸೀರೆ ಬಂತು, ಇನ್ನೊಬ್ಬಳಿಗೆ ಸಣ್ಣ ಅಂಚಿನದು. ಅಷ್ಟೆ! ಆ ಅಂಚಿನಿಂದ ಮಾತು, ಮಾತಿನಿಂದ ಪಂಚಾಯಿತಿ, ಪಂಚಾಯಿತಿಯಿಂದ ಪಾಲು. ಗೋಡೆ ಎದ್ದ ದಿನ ಇಬ್ಬರು ಹುಡುಗರೂ ಎರಡು ಕಡೆ ನಿಂತು ನೋಡುತ್ತಿದ್ದರಂತೆ, ಗೋಡೆ ತಲೆಗಿಂತ ಮೇಲೆ ಹೋಗುವವರೆಗೂ. ಆಮೇಲೆ ಮಾತಿಲ್ಲ.

"ಆವತ್ತಿಂದ ನಿಮ್ ದೊಡ್ಡಪ್ಪಂಗೆ ಎಲ್ಲಿ ನೋಡುದ್ರೂ ಆ ಸೀರೆ ಅಂಚೇ ಕಾಣ್ಸದು" ಎಂದಳು ಅವ್ವ. "ಮುದ್ದೆ ಒಂದು ದಪ್ಪ ಆದ್ರೂ ಗ್ವಾಡೆ ಎದ್ಬುಡ್ತದೆ ಅಂತ ಎದ್ರಿಕೆ."

ನನಗೆ ಅರ್ಥವಾಯಿತು. ಗೋಡೆಯಾಚೆ ಆ ಮನುಷ್ಯ ಕೆಮ್ಮಿದರೆ ಈಚೆ ಉಣ್ಣುತ್ತಾ ಕೂತ ದೊಡ್ಡಪ್ಪನ ತುತ್ತು ಒಂದು ಕ್ಷಣ ನಿಲ್ಲುತ್ತಿತ್ತು. ಅದನ್ನು ನಾನೂ ನೋಡಿದ್ದೆ. ಅರ್ಥವಾಯಿತು ಎಂದು ನನ್ನ ಸಿಟ್ಟೇನೂ ಇಳಿಯಲಿಲ್ಲ, ಬಿಡಿ. ಯಾರೋ ಯಾವಾಗಲೋ ಉಟ್ಟ ಸೀರೆಯ ಅಂಚಿಗೆ ನನ್ನ ಬಿ.ಎ. ಯಾಕೆ ಸಿಕ್ಕಿಕೊಳ್ಳಬೇಕು?

ಅಷ್ಟರಲ್ಲಿ ನಾಗಮಂಗಲದ ಕಡೆಯಿಂದ ಸಂಬಂಧ ಬಂತು. ಅಣ್ಣ, ತಮ್ಮ. ಇಬ್ಬರಿಗೂ ಹೆಣ್ಣು ಬೇಕು. ದೊಡ್ಡಪ್ಪನ ಮುಖ ನೋಡಬೇಕಿತ್ತು! ಜೋಡಿ ಹೆಣ್ಣಿಗೆ ಜೋಡಿ ಗಂಡು! ಒಂದೇ ಚಪ್ಪರ, ಒಂದೇ ಮುಹೂರ್ತ, ಒಂದೇ ಮನೆ. ಸಾಯುವವರೆಗೂ ಒಂದೇ ನೊಗ! ನನ್ನ ಬಿ.ಎ. ಅರ್ಜಿ ತುಂಬಿ ಕೊಡುವ ವಾರವೇ ಅವರು ಹೆಣ್ಣು ನೋಡಲು ಬಂದರು.

ದೊಡ್ಡಪ್ಪನ ಸಿದ್ಧತೆಯನ್ನು ಹೇಳಿದರೆ ನೀವು ನಂಬುವುದಿಲ್ಲ. ಇಬ್ಬರಿಗೂ ಒಂದೇ ಬಣ್ಣದ ಸೀರೆ. ಅಂಚನ್ನು ತಾನೇ ಬೆರಳಿಟ್ಟು ಅಳೆದಿದ್ದ, ಅದು ಬೇರೆ ಮಾತು. ಒಂದೇ ಉದ್ದದ ಜಡೆ ಕಾಣಲಿ ಎಂದು ನನ್ನದಕ್ಕೆ ಚೌರಿ. ಒಂದೇ ಅಳತೆಯ ಮಲ್ಲಿಗೆ, ಒಂದೇ ಗಾತ್ರದ ಕುಂಕುಮ. ನಡುಮನೆಯಲ್ಲಿ ಚಾಪೆ ಹಾಸಿ ನಮ್ಮನ್ನು ಕೂರಿಸಿದ. ತಾನು, ಅಭ್ಯಾಸಬಲ, ನಮ್ಮ ಬೆನ್ನ ಹಿಂದೆ ಹೋಗಿ ನಿಂತ. ಬಂದವರು ನಮ್ಮ ಎದುರಿಗೆ ಕೂತರು.

ಗಂಡಿನ ತಾಯಿ ಬಲು ಖಡಕ್ಕು ಹೆಂಗಸು. ಇಬ್ಬರನ್ನೂ ನೋಡಿದಳು, ಇನ್ನೊಮ್ಮೆ ನೋಡಿದಳು, ಕಾಫಿ ಕುಡಿದು ಲೋಟ ಕೆಳಗಿಟ್ಟು ಹೇಳಿದಳು: "ಬಲಗಡೆ ಕುಂತಿರೋಳು ನಮ್ ದೊಡ್ಡೋನ್ಗೆ ಇರ್ಲಿ. ಎಡಗಡೆಯೋಳು ಚಿಕ್ಕೋನ್ಗೆ."

ದೊಡ್ಡಪ್ಪ ಹಿಗ್ಗಿ ಹೀರೇಕಾಯಿಯಾದ. ಬಲಗಡೆ ಭಾಗ್ಯ, ದೊಡ್ಡವಳು, ದೊಡ್ಡವನಿಗೆ. ಎಡಗಡೆ ನಾನು. "ಆಯ್ತು ಕಣವ್ವ! ಅಂಗೇ ಆಗ್ಲಿ!" ಎಂದ. ಆ ತಾಯಿ ದೊಡ್ಡ ಸೊಸೆಗೆ ಮೊದಲು ಎಂದು ಹೂವಿನ ದಂಡೆ ಹಿಡಿದು ಎದ್ದು ಬಂದು, ನೇರವಾಗಿ ನನ್ನ ಮುಡಿಗೆ ಮುಡಿಸಿಬಿಟ್ಟಳು!

ಎಲ್ಲಿ ಎಡವಟ್ಟಾಯಿತು ಗೊತ್ತಾಯಿತಲ್ಲ? ಗಾಡಿ ಹೊಡೆಯುವವನು ಎತ್ತನ್ನು ನೋಡುವುದು ಹಿಂದಿನಿಂದ. ಹೆಣ್ಣು ನೋಡುವವರು ನೋಡುವುದು ಮುಂದಿನಿಂದ! ಅವನ ಬಲಗಡೆ ಭಾಗ್ಯ, ಅವರ ಬಲಗಡೆ ನಾನು.

"ಅಯ್ಯೋ, ಇವ್ಳಲ್ಲ ಕಣವ್ವ, ಅವ್ಳು!" ಎಂದು ದೊಡ್ಡಪ್ಪ ಹಿಂದಿನಿಂದ ಮುಂದಕ್ಕೆ ಹಾರಿದ.

ಆ ತಾಯಿ ನಕ್ಕಳು. "ಅದ್ಕ್ಯಾಕೆ ಗಾಬ್ರಿ ಬುಡಿ ಗೌಡ್ರೇ. ಎರಡೂ ಒಂದೇ ಥರ ಅವ್ರಲ್ಲ. ಯಾರ್ ಯಾರ್ಗಾದ್ರೇನು?"

ಇಡೀ ಜೀವಮಾನ ದೊಡ್ಡಪ್ಪ ಕಾದಿದ್ದ ಮಾತು ಅದು. ಯಾರಾದರೂ ಹಾಗೆ ಹೇಳಲಿ ಎಂದೇ ತಾನೆ ಅವನು ಒಂದೇ ತಾನಿನಿಂದ ಬಟ್ಟೆ ಹರಿಸಿದ್ದು, ತಲೆ ಬೋಳಿಸಿದ್ದು, ದೇವರಿಗೆ ನಿಂಬೆಹಣ್ಣು ಕೊಟ್ಟಿದ್ದು! ಆದರೆ ಅವನ ಮುಖ ಕೆಂಪಗಾಯಿತು.

"ಯಾರಾದ್ರೇನಾ? ಏನವ್ವ ಇಂಗಂತೀಯ? ಜೋಡಿ ಎತ್ತೇ ಆದ್ರೂ ಎಡಗಡೇದ ಬಲಕ್ಕೆ ಕಟ್ಟಾಕಾದದಾ? ಒಂದೆಜ್ಜೆ ಆಕ್ತದಾ ಅದು? ಇವ್ಳು ಸಿಟ್ ಬಂದ್ರೆ ಉಣ್ಣಾಕಿಲ್ಲ. ಅವ್ಳು ಸಿಟ್ ಬಂದ್ರೆ ಇನ್ನೊಂದು ಮುದ್ದೆ ಕೇಳ್ತಾಳೆ. ಇವ್ಳು ಪುಸ್ತಕ ಇಡ್ಕಂಡ್ರೆ ಮನೆ ಅತ್ಕಂಡ್ ಉರಿದ್ರೂ ಎದ್ದೇಳಾಕಿಲ್ಲ. ಅವ್ಳು ಕರಾ ಒಂದ್ಸಲ ಕೂಗುದ್ರೆ ಕೊಟ್ಗೇಲಿರ್ತಾಳೆ. ಇವ್ಳು ಗುಡುಗ್ಗೆ ಎದರ್ತಾಳೆ, ಏಳ್ಕಳಾಕಿಲ್ಲ. ಅವ್ಳು ಎದರ್ದೇ ಇದ್ರೂ ಕಿರುಚ್ತಾಳೆ. ಎಂಗವ್ವ ಒಂದಾಯ್ತವೆ ಇವು?"

ಅವನು ನಿಲ್ಲಿಸಲಿಲ್ಲ. ನಾನು ಗುಡುಗಿಗೆ ಹೆದರುತ್ತೇನೆ ಎನ್ನುವುದು ನಮ್ಮವ್ವನಿಗೇ ಗೊತ್ತಿರಲಿಲ್ಲ! ನಮ್ಮಿಬ್ಬರನ್ನು ಒಂದೇ ಮಾಡಲು ಹೋದ ಮನುಷ್ಯ, ಎಲ್ಲೆಲ್ಲಿ ಒಂದಲ್ಲ ಎಂದು ಹಗಲೂ ರಾತ್ರಿ ಕಾವಲು ಕಾದು, ಕಾದು, ನಮ್ಮನ್ನು ಬಾಯಿಪಾಠ ಮಾಡಿಬಿಟ್ಟಿದ್ದ. (ಹಾಗಿದ್ದರೂ ಆವತ್ತು ಭಾಗ್ಯನ ಬಗ್ಗೆ ಒಂದೆರಡು ಮಾತು ಹೆಚ್ಚಿಗೆ ಹೇಳಿದ ಎಂದು ನನಗೆ ಇವತ್ತಿಗೂ ಅನುಮಾನ.)

ದೊಡ್ಡವ್ವ ಬಂದವರನ್ನು ಉಪ್ಪಿಟ್ಟಿಗೆ ಎಬ್ಬಿಸಿ ಹೇಗೋ ಮಾನ ಉಳಿಸಿದಳು. ಅವರು ಆಚೆ ತಿನ್ನುತ್ತಿದ್ದಾಗ ಅಡುಗೆಮನೆಯಲ್ಲಿ ಭಾಗ್ಯ ಬಾಯಿ ಬಿಟ್ಟಳು.

"ಅಪ್ಪೋ, ನಾನು ಆ ಮನೆಗೆ ಓಯ್ತೀನಿ. ದೊಡ್ಡೋನು ನಂಗೆ ಒಪ್ಗೆ. ಆದ್ರೆ ಇವ್ಳು ಬರಬಾರ್ದು."

"ಯಾಕಮ್ಮಿ? ಜೊತೇಲಿ ಹುಟ್ದಂಗೆ ಬೆಳ್ದವ್ಳು..."

"ಅದ್ಕೇ! ಅಲ್ಲೂ ಒಂದೇ ಸೀರೆ ಉಡುಸ್ತಾರೆ. ಅಲ್ಲೂ ಜೋಡಿ ನಿಲ್ಸಿ ನೋಡ್ತಾರೆ. ಇವ್ಳು ಇಂಗ್ಲಿಸ್ ಪೇಪರ್ ಓದ್ತಾಳೆ, ನೀನ್ಯಾಕೆ ಓದಾಕಿಲ್ಲ ಅಂತಾರೆ. ಇಲ್ಲಿ ಕೇಳಿದ್ದೇ ಸಾಕಾಗೈತೆ. ಪಾಸಾದ್ಲಲ್ಲ ಇವ್ಳು, ನಂಗೆ ಎಷ್ಟು ಹೊಟ್ಟೆ ಉರುದೈತೆ ಗೊತ್ತಾ? ಇವ್ಳ ಕಾಲೇಜ್ಗಾದ್ರೂ ಕಳ್ಸು, ಕಾಸೀಗಾದ್ರೂ ಕಳ್ಸು. ನಂಗೆ ಅಂತ ಒಂದು ಮನೆ ಬುಡ್ರಪ್ಪ!"

ಆ ಜಡೆ, ಆ ಬಣ್ಣ, ಆ ಮೂಗು ಇಟ್ಟುಕೊಂಡ ಇವಳಿಗೆ ನನ್ನ ಮೇಲೆ ಹೊಟ್ಟೆಕಿಚ್ಚೇ! ಅದಕ್ಕಿಂತ ದೊಡ್ಡ ಮರ್ಯಾದೆಯನ್ನು ನನಗೆ ಯಾವ ಯೂನಿವರ್ಸಿಟಿಯೂ ಕೊಟ್ಟಿಲ್ಲ.

ದೊಡ್ಡಪ್ಪ ಕಿಟಕಿಯಿಂದ ಅಂಗಳದ ಗೋಡೆ ನೋಡುತ್ತಿದ್ದ. ಆಗ ನಮ್ಮಪ್ಪ, ಹುಟ್ಟಿದ್ದಕ್ಕೆ ಒಂದು ಸಲ, ಅಣ್ಣನ ಎದುರು ಮಾತಾಡಿದ. "ಅಣ್ಣಯ್ಯ, ಓದ್ಲಿ ಬುಡು" ಎಂದ. ಎಂದವನೇ ಹೆದರಿ ಕೊಟ್ಟಿಗೆಗೆ ಹೋಗಿಬಿಟ್ಟ.

ಭಾಗ್ಯ ಒಬ್ಬಳೇ, ದೊಡ್ಡವನ ಕೈಹಿಡಿದು ನಾಗಮಂಗಲಕ್ಕೆ ಹೋದಳು. ನಾನು ಪಾಂಡವಪುರದ ಬಸ್ಸು ಹತ್ತಿದೆ. ಜೋಡಿ ಬಿಟ್ಟಿತು ಎಂದುಕೊಂಡಿರಾ? ದೊಡ್ಡಪ್ಪ ಅಷ್ಟು ಸುಲಭದ ಆಸಾಮಿಯಲ್ಲ. ನನಗೆ ಕಾಲೇಜಿಗೆಂದು ಯಾವ ಪುಸ್ತಕ ತಂದರೂ ಅದೇ ಪುಸ್ತಕ ಇನ್ನೊಂದು ತಂದು, ನಾಗಮಂಗಲಕ್ಕೆ ಹೋಗಿ ಭಾಗ್ಯನಿಗೆ ಕೊಟ್ಟು ಬರುತ್ತಿದ್ದ! ಅವಳು ಅಡುಗೆಮನೆಯಲ್ಲಿ ಭಾರತದ ಇತಿಹಾಸದ ಮೇಲೆ ಬಿಸಿ ಸಾರಿನ ಪಾತ್ರೆ ಇಳಿಸುತ್ತಿದ್ದಳಂತೆ. ಅರ್ಥಶಾಸ್ತ್ರ ಸ್ವಲ್ಪ ದಪ್ಪ, ಅದು ತಲೆದಿಂಬಿಗೆ. ಅವಳು ಬಸುರಿಯಾಗಿ ಬಳೆಶಾಸ್ತ್ರ ಮಾಡಿದಾಗ ನನಗೂ ಎರಡು ಕೈ ತುಂಬ ಹಸಿರು ಗಾಜಿನ ಬಳೆ! ಬೇಡವೆಂದರೆ ಕೇಳಬೇಕಲ್ಲ? ಮಾರನೆಯ ದಿನ ಘಲ್ ಘಲ್ ಎನ್ನಿಸಿಕೊಂಡು ಕ್ಲಾಸಿಗೆ ಹೋದರೆ ಹುಡುಗಿಯರೆಲ್ಲ ಮುತ್ತಿಕೊಂಡು, "ಮದ್ವೇಗೇ ಕರೀಲಿಲ್ವಲ್ಲೇ!" ಎಂದು ಕಣ್ಣು ಕೆಂಪಗೆ ಮಾಡಿದರು.

ಮನೆಯಲ್ಲಿ ಮಾತೆಲ್ಲ ಭಾಗ್ಯನದೇ. ಭಾಗ್ಯ ಹೇಗಿದ್ದಾಳೋ, ಭಾಗ್ಯ ಉಂಡಳೋ, ಭಾಗ್ಯನ ಅತ್ತೆ ಏನಂದಳೋ. ಎದುರಿಗೆ ಕೂತು ಓದುವವಳ ಬಗ್ಗೆ ಯಾರು ಕೇಳುತ್ತಾರೆ? ದೂರ ಹೋಗಿಯೂ ಗೆದ್ದಳಲ್ಲ ಇವಳು ಎಂದು ಹಲ್ಲು ಕಡಿದು ಓದಿದೆ. ಬಸ್ಸಿನಲ್ಲಿ ನಿಂತು ಓದಿದೆ. ಆಲೆಮನೆಯ ಬೆಲ್ಲದ ಘಮಕ್ಕೆ ಹಸಿವಾದರೂ ಓದಿದೆ. ಹೊಟ್ಟೆಕಿಚ್ಚಿಗಿಂತ ಒಳ್ಳೆಯ ಮೇಷ್ಟರನ್ನು ನಾನು ಕಂಡಿಲ್ಲ.

ಎರಡನೇ ವರ್ಷದಲ್ಲಿ ದೊಡ್ಡಪ್ಪನ ಎತ್ತುಗಳಲ್ಲಿ ಒಂದು ಹಾವು ಕಚ್ಚಿ ಸತ್ತಿತು. ಪೇಟೆ, ಪಾಂಡವಪುರ, ನಾಗಮಂಗಲ ಎಂದು ಸಂತೆ ಸಂತೆ ಅಲೆದ. ಉಳಿದದ್ದಕ್ಕೆ ಸರಿಜೋಡಿ ಸಿಗಲಿಲ್ಲ. ಮಾರಿಬಿಡು ಎಂದರು, ಮಾರಲಿಲ್ಲ. ಅದು ಕೊಟ್ಟಿಗೆಯಲ್ಲಿ ಪಕ್ಕದ ಖಾಲಿ ಜಾಗಕ್ಕೆ ಮೈ ವಾಲಿಸಿ ನಿಲ್ಲುತ್ತಿತ್ತು.

ಆ ಮಳೆಗಾಲದಲ್ಲಿ ಒಂದು ಸಂಜೆ ಬಸ್ಸು ಕೆಟ್ಟು ತಡವಾಯಿತು. ಶೀಳನೆರೆಯಲ್ಲಿ ಇಳಿದಾಗ ಪಡುವಣದಲ್ಲಿ ಗುಡುಗು ಶುರುವಾಗಿತ್ತು. ಊರಿಗೆ ಕಬ್ಬಿನ ಗದ್ದೆಗಳ ನಡುವೆ ನಡೆಯಬೇಕು. ನೋಡಿದರೆ ಟೀ ಅಂಗಡಿ ಮುಂದೆ ಗಾಡಿ ನಿಂತಿದೆ. ಒಂಟೆತ್ತಿನ ಗಾಡಿ! ನೊಗ ಕಟ್ಟುವ ಮೂಕಿಮರ ಬದಲಾಯಿಸಿ, ಒಂದೇ ಎತ್ತು ಕಟ್ಟಿದ ಗಾಡಿಯ ಮೇಲೆ ನಮ್ಮ ದೊಡ್ಡಪ್ಪ, ಯಾರ ಮುಖವನ್ನೂ ನೋಡದೆ, ಮದುವೆಗೆ ಒಪ್ಪದ ಗಂಡಿನ ಹಾಗೆ ಕೂತಿದ್ದಾನೆ.

ಟೀ ಅಂಗಡಿಯವರು ಬಿಡುತ್ತಾರೆಯೇ? ಆವತ್ತು ಅವನ ಡಂಗುರ ಕೇಳಿದ್ದವರು ಅವರೇ ತಾನೆ! "ಏನಣ್ಣೋ, ಒಂಟೆತ್ತು ಕಟ್ಬುಟ್ಟಿದ್ದೀಯ? ಸೂರ್ಯ ಯಾವ್ಕಡೆ ಹುಟ್ದ ಇವತ್ತು?"

"ಅದೂ ಒಂಟಿ, ಇವ್ಳೂ ಒಂಟಿ" ಎಂದ ದೊಡ್ಡಪ್ಪ, ಹಗ್ಗ ಎಳೆಯುತ್ತಾ. "ಜೋಡಿ ಆಯ್ತಲ್ಲ, ಬುಡ್ಲಾ ದಾರಿ!"

ಕೊನೆಗೂ ಭಾಗ್ಯನನ್ನು ಬಿಡಿಸಿ ನನ್ನನ್ನು ಕಟ್ಟಿದ್ದು ಎತ್ತಿನ ಜೊತೆ! ದಾರಿಯುದ್ದಕ್ಕೂ ಅವನ ಕಣ್ಣು ಎತ್ತಿನ ಮೇಲೇ. ಗುಡುಗಿದಾಗ ಮಾತ್ರ ಹಿಂದಕ್ಕೆ ತಿರುಗಿ ನೋಡುತ್ತಿದ್ದ. ಅಲ್ಲಿಂದ ಮಳೆಯ ಸಂಜೆಗಳಲ್ಲೆಲ್ಲ ಆ ಗಾಡಿ ಅಲ್ಲಿ ನಿಂತಿರುತ್ತಿತ್ತು.

ಬಿ.ಎ. ಮುಗಿಯಿತು. ಪಾಸಾದೆ. ಸರ್ಟಿಫಿಕೇಟು ಬಂದ ದಿನ ಭಾಗ್ಯ ಮಗಳನ್ನು ಎತ್ತಿಕೊಂಡು ತೌರಿಗೆ ಬಂದಿದ್ದಳು. ಇರಲಿ, ಅವಳಿಲ್ಲದೆ ನನ್ನ ಯಾವ ದಿನ ತಾನೆ ಪೂರ್ತಿಯಾಗಿದೆ? ಮಗು ಥೇಟು ಅವಳ ಹಾಗೆ, ಅಳುವಾಗಲೂ ಲಕ್ಷಣ. ಮನೆಯೆಲ್ಲ ಮಗುವಿನ ಸುತ್ತ. ದೊಡ್ಡಪ್ಪ ಅಂಗಳದಲ್ಲಿ ಅದನ್ನು ಹೆಗಲ ಮೇಲೆ ಕೂರಿಸಿಕೊಂಡು ಎತ್ತಿಗೆ ಹುಲ್ಲು ತಿನ್ನಿಸುತ್ತಿದ್ದ. ನಾನು ಸರ್ಟಿಫಿಕೇಟು ಹಿಡಿದು ಅವನ ಮುಂದೆ ನಿಂತೆ.

ಮಗುವನ್ನು ಭಾಗ್ಯನ ಕೈಗೆ ಕೊಟ್ಟ. ಎರಡು ಕೈಯನ್ನೂ ಟವಲಿಗೆ ಒರೆಸಿಕೊಂಡು ಸರ್ಟಿಫಿಕೇಟು ತೆಗೆದುಕೊಂಡ. ಓದು ಬಾರದವನು. ಮುಂದೆ ನೋಡಿದ, ಹಿಂದೆ ತಿರುಗಿಸಿ ನೋಡಿದ, ಅದರ ಅಡಿಯಲ್ಲಿ ಇನ್ನೊಂದೇನಾದರೂ ಅಂಟಿಕೊಂಡಿದೆಯೋ ಎಂದು ಬೆರಳು ಆಡಿಸಿದ.

"ಇದ್ರ ಜೋಡಿ?" ಎಂದ.

"ಒಂದೇ ಕಣ್ ದೊಡ್ಡಪ್ಪ ಕೊಡೋದು."

ಅವನ ಕಣ್ಣು ಮೆಲ್ಲಗೆ ಭಾಗ್ಯನ ಕಡೆ ಹೋಯಿತು. ಅವಳಿಂದ ಗೋಡೆಯ ಕಡೆ ಹೋಯಿತು. ಆ ಹೆದರಿಕೆಯನ್ನು ಅಷ್ಟು ಹತ್ತಿರದಿಂದ ನಾನು ಅದೇ ಮೊದಲು ನೋಡಿದ್ದು. ಭಾಗ್ಯನೂ ನೋಡಿದಳು.

"ನನ್ನನ್ನೇನು ನೋಡ್ತೀಯಪ್ಪ? ಹೊಟ್ಟೆ ಉರೀತೈತೆ, ಸುಳ್ಳು ಯಾಕೇಳ್ಳಿ" ಎಂದಳು. "ಉರೀಲಿ ಬುಡು. ಅವ್ಳಿಗೂ ನನ್ನ ಮಗೀನ ನೋಡಿ ಉರೀತೈತೆ, ಮುಖ ನೋಡು! ಗ್ವಾಡೆ ಏನಾದ್ರೂ ಎದ್ದೈತಾ ಇಲ್ಲಿ?" ಎಂದು ನಮ್ಮಿಬ್ಬರ ನಡುವೆ ಕೈಯಾಡಿಸಿ ತೋರಿಸಿ, ಆ ಮಗುವನ್ನು ತಂದು ನನ್ನ ಸೊಂಟಕ್ಕೆ ತುರುಕಿದಳು.

ಗೋಡೆಯಾಚೆ ಯಾರೋ ಕೆಮ್ಮಿದರು.

ದೊಡ್ಡಪ್ಪ ಸರ್ಟಿಫಿಕೇಟನ್ನು ಬಿಸಿಲಿಗೆ ಹಿಡಿದು, ಇಷ್ಟು ಹತ್ತಿರ ನಿಂತ ನನಗೆ ಬೇಕಾದದ್ದಕ್ಕಿಂತ ಗಟ್ಟಿ ಧ್ವನಿಯಲ್ಲಿ, ಆ ಗೋಡೆಯ ಆಚೆಗೂ ಕೇಳುವ ಹಾಗೆ ಹೇಳಿದ:

"ಒಂಟಿ ಆದ್ರೂ ಚೆಂದಾಗೈತೆ ಕಣವ್ವ."